ನೀಲಿ ಅಂಗಿ, ನಾಲ್ಕನೇ ನಂಬರು

ಬೆಟಗೇರಿ
ಗುರುವಾರ, 13 ಫೆಬ್ರುವರಿ 2025

ಚಿರಂಜೀವಿ ಶ್ರೀಲಕ್ಷ್ಮೀಗೆ ಅಪ್ಪನ ಆಶೀರ್ವಾದಗಳು.

ಕೈ ರೂಢಿಯಂತೆ ‘ಚಿ. ಸೌ.’ ಎಂದು ಬರೆಯಲು ಹೋಗಿ ‘ಚಿ.’ಗೇ ನಿಂತಿತು. ಆ ಹಾಳೆ ಹರಿದುಹಾಕಿ ಇದನ್ನು ತೆಗೆದುಕೊಂಡೆ. ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಲಕ್ಷ್ಮೇಶ್ವರದ ಮಕ್ಕಳೇನು ಕಿವುಡರಲ್ಲ, ಶಾಲೆಯಲ್ಲಿ ಅಷ್ಟು ಕೂಗಿ ಪಾಠ ಹೇಳಬೇಡ. ಕೂಗುವ ಚಾಳಿ ನನ್ನಿಂದಲೇ ಬಂದದ್ದು, ಯಾರನ್ನು ಬಯ್ಯಲಿ. ಇಲ್ಲಿ ನಿನ್ನ ಸೋದರತ್ತೆ ಜಾನಕೀಬಾಯಿ ಆರಾಮಾಗಿದ್ದಾಳೆ. ನಾನು ಹೇಳಿದ್ದನ್ನು ತಾನು ಬರೆದುಕೊಡುತ್ತೇನೆ ಎಂದಳು, ಬೇಡವೆಂದೆ. ದಪ್ಪ ಸ್ಕೆಚ್ ಪೆನ್ನು ತರಿಸಿ, ಒಂದು ಪುಟಕ್ಕೆ ಎಂಟೇ ಸಾಲು ಬರೆಯುತ್ತಿದ್ದೇನೆ. ಫೋನ್ ಏಕೆ ಮಾಡಲಿಲ್ಲ ಎಂದು ಕೇಳಬೇಡ. ಮೈಕಿನ ಮುಂದೆ ಬಾಳಿದ ಧ್ವನಿ ಇದು, ಎಂಥ ಮಾತನ್ನೂ ಚಂದ ಮಾಡಿ ಹೇಳಿಬಿಡುತ್ತದೆ. ಅದರ ಮೇಲೆ ನನಗೀಗ ನಂಬಿಕೆಯಿಲ್ಲ.

ನಿನ್ನ ಕಾಗದ ಸೋಮವಾರ ಬಂತು. ಜಾನಕಿ ಅಕ್ಕ ಎರಡು ಸಲ ಓದಿ ಹೇಳಿದಳು. ಇಬ್ಬರೂ ಅತ್ತೆವು. “ಅಪ್ಪಾ, ನೀ ಗೊತ್ತಿದ್ದೂ ಅವರನ್ನ ನಲವತ್ತು ಸೆಕೆಂಡು ಬದುಕಿಸಿ ಇಟ್ಟಿ. ನನಗ ಅಷ್ಟ ಸಾಕು. ಇನ್ನ ಮ್ಯಾಲೆ ನನ್ನ ಮನ್ಯಾಗ ಇರು” ಎಂದು ಬರೆದಿದ್ದೀ. ಏಳು ತಿಂಗಳು ನನ್ನೊಡನೆ ಮಾತು ಬಿಟ್ಟವಳು ನೀನು. ಅಕ್ಕ ಅವತ್ತೇ ನನ್ನ ಬಟ್ಟೆಬರೆ ಚೀಲಕ್ಕೆ ತುಂಬಿಟ್ಟಳು.

ಚೀಲದ ಪಕ್ಕ ಕುಳಿತರೆ ಹಳೆಯದೆಲ್ಲ ನೆನಪಾಗುತ್ತದೆ. ಶಿರಹಟ್ಟಿಯ ಕುಸ್ತಿ ಕಣದಲ್ಲಿ ಮೈಕು ಹಿಡಿದ ಹುಡುಗ ಕುದುರೆ ರೇಸಿನ ಕಾಮೆಂಟರಿಗೆ ಹೋಗಿ, ಮೂವತ್ತೊಂದು ವರ್ಷ ಅಲ್ಲೇ ಕಳೆದೆ. “ಇವಾ ಇಂಗ್ಲೀಷಿನ್ಯಾಗ ಒದರೂದು ಕೇಳಿದ್ರ ಯಾರ ಮನಿಗೋ ಬೆಂಕಿ ಬಿದ್ದಂಗ ಆಗತದ” ಎಂದು ಅಕ್ಕ ನಗುತ್ತಿದ್ದಳು. ಓಡುವಾಗ ಕುದುರೆಯ ಮುಖ ಯಾರಿಗೂ ಕಾಣುವುದಿಲ್ಲ, ಮೇಲೆ ಕೂತ ಜಾಕಿಯ ಅಂಗಿ ಟೊಪ್ಪಿಗೆಗಳ ಬಣ್ಣವೇ ಗುರುತು. ರೇಸಿನ ಹಿಂದಿನ ದಿನ ಆ ಬಣ್ಣಗಳನ್ನೆಲ್ಲ ಕಾರ್ಡಿನ ಮೇಲೆ ಪೆನ್ಸಿಲ್ಲಿನಿಂದ ತುಂಬಿ ಬಾಯಿಪಾಠ ಮಾಡಬೇಕು. ಚಿಕ್ಕವಳಿದ್ದಾಗ ಆ ಕೆಲಸ ನಿನ್ನದು. ತುಂಬಿ, ಕಾರ್ಡು ಬೆನ್ನ ಹಿಂದೆ ಹಿಡಿದು, “ಹಳದಿ ಅಂಗಿ, ಕೆಂಪು ಟೊಪಿಗಿ ಯಾರದು ಹೇಳು” ಎಂದು ಮಾಸ್ತರಂತೆ ನನ್ನನ್ನೇ ಪರೀಕ್ಷೆ ಮಾಡುತ್ತಿದ್ದೆ. ನಾನು ಬೇಕೆಂದೇ ತಪ್ಪು ಹೇಳಿದರೆ ನಿನಗೆ ಎಲ್ಲಿಲ್ಲದ ಖುಷಿ. ಮುಂದೆ ಅದೇ ಮೈದಾನದ ಜಾಕಿಯನ್ನು, ಹಮ್ಮಿಗಿಯ ಮೌನೇಶನನ್ನು ನೀನು ಮೆಚ್ಚಿ ಮದುವೆಯಾದಾಗ ನಮ್ಮವರೆಲ್ಲ ಮುಖ ತಿರುಗಿಸಿದರು. ನಾನು ತಿರುಗಿಸಲಿಲ್ಲ. ಮಗಳ ವಿಷಯದಲ್ಲಿ ನಾನು ಸರಿಯಾಗಿ ನಡೆದುಕೊಂಡದ್ದು ಅದೊಂದೇ ಇರಬೇಕು.

ಜುಲೈನ ಆ ಮಧ್ಯಾಹ್ನದ ಮಾತು ಬರೆಯದೆ ಮುಂದೆ ಹೋಗಲಾರೆ. ದೂರದ ತಿರುವಿನಲ್ಲಿ ಒಂದು ಕುದುರೆ ಮುಗ್ಗರಿಸಿತು. ಬಿದ್ದದ್ದು ಹಸಿರು ಅಂಗಿಯವನೆಂದು ಹೇಳಿ ನಾನು ಕಾಮೆಂಟರಿ ಮುಂದುವರಿಸಿದೆ. ನಾಲ್ಕನೇ ನಂಬರಿನ ಮೌನೇಶನನ್ನು ಗುರಿಯವರೆಗೂ ಓಡಿಸಿ ಎರಡನೇ ಸ್ಥಾನ ಕೊಟ್ಟೆ. ಮನೆಯಲ್ಲಿ ಮೊಬೈಲಿನಲ್ಲಿ ಕೇಳುತ್ತಿದ್ದ ನೀನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಬಿದ್ದವನು ಅವನೇ ಎಂಬ ಫೋನ್ ಬಂದಾಗ ಆ ದೀಪ ಇನ್ನೂ ಉರಿಯುತ್ತಿತ್ತಂತೆ. ಹಮ್ಮಿಗಿಯ ಹೊಳೆದಂಡೆಯಲ್ಲಿ ಅವನ ಕ್ರಿಯೆಯೆಲ್ಲ ಮುಗಿಸಿ ಬರುವಾಗ, “ಯಾಕ ಹಂಗ ಹೇಳಿದಿ ಅಪ್ಪಾ?” ಎಂದು ನೀನು ಕೇಳಿದ್ದು ಒಂದೇ ಪ್ರಶ್ನೆ. ಪಾಪ, ಅಕ್ಕನೇ ಅಡ್ಡ ಬಂದು, “ನೀ ಮನ್ಯಾಗ ಒಬ್ಬಾಕಿನ ಇದ್ದಿ, ಎದಿ ಒಡ್ಕೋಬಾರದಂತ ಗೊತ್ತಿದ್ದೂ ಹಂಗ ಹೇಳ್ಯಾನವ್ವಾ” ಎಂದಳು. ಅವಳು ನಂಬಿಯೇ ಹೇಳಿದಳು. ನಾನು ತಲೆ ತಗ್ಗಿಸಿ ನಿಂತೆ. ಅದನ್ನು ನೀನು ಹೌದೆಂದು ತಿಳಿದೆ. ಆಗ ಆ ಮಾತಿಗೇ ನಿನಗೆ ಸಿಟ್ಟು ಬಂದಿತ್ತು, ಈಗ ಅದೇ ಮಾತಿಗೆ ನನ್ನನ್ನು ಮನೆಗೆ ಕರೆಯುತ್ತಿದ್ದೀ.

ನಿನ್ನ ಮನೆಗೆ ಬರುವ ಆಸೆ ಎಷ್ಟಿದೆಯೆಂದು ಹೇಳಲು ನಾಚಿಕೆಯಾಗುತ್ತದೆ. ಅಕ್ಕ ಪ್ರೀತಿಯಿಂದಲೇ ನೋಡಿಕೊಳ್ಳುತ್ತಾಳೆ. ಆದರೂ ಸಂಜೆಯಾದರೆ ನಿನ್ನ ದನಿ ಕೇಳಬೇಕೆನಿಸುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅತ್ತೆ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ದೇವರು ನಿನ್ನನ್ನು ಕಾಯಲಿ.

ಇತಿ ನಿನ್ನ ಅಪ್ಪ,
ದತ್ತಾತ್ರಿ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ನಾನು ಗೊತ್ತಿದ್ದು ಹೇಳಿದ್ದಲ್ಲ ಶ್ರೀಲಕ್ಷ್ಮೀ. ನನಗೆ ಕಾಣಲಿಲ್ಲ. ಕಣ್ಣು ಕೆಟ್ಟದ್ದು ಅತ್ತು ಅತ್ತು ಎಂದು ನೀವೆಲ್ಲ ತಿಳಿದಿದ್ದೀರಿ. ಮೇ ತಿಂಗಳಲ್ಲೇ ಡಾಕ್ಟರು ಮೈಕು ಬಿಡಿ ಎಂದಿದ್ದರು, ಬಿಡುವ ಮನಸ್ಸಾಗದೆ ಮುಚ್ಚಿಟ್ಟೆ. ನಿನ್ನ ಸಮಾಧಾನ ಕಿತ್ತುಕೊಳ್ಳುತ್ತಿದ್ದೇನೆ, ಗೊತ್ತು. ಆದರೆ ಅದನ್ನು ತಿಂದುಕೊಂಡು ನಿನ್ನ ಮನೆಯಲ್ಲಿ ಬದುಕಲಾರೆ. ಇದನ್ನು ಓದಿದ ಮೇಲೂ ಬಾ ಎಂದರೆ ಬರುತ್ತೇನೆ. ನನ್ನ ಕಣ್ಣಿನ ಸಂಗತಿ ಮೌನೇಶನೊಬ್ಬನಿಗೆ ಗೊತ್ತಿತ್ತು. ಯಾರಿಗೂ ಹೇಳಬೇಡವೆಂದು ಬೇಡಿಕೊಂಡಿದ್ದೆ, ಅದಕ್ಕೇ ಅವನು ನಿನಗೂ ಹೇಳಲಿಲ್ಲ. ಯಾವ ಕುದುರೆ ಎಲ್ಲಿ ಓಡುತ್ತದೆಂದು ಪ್ರತಿ ರೇಸಿಗೂ ಮೊದಲೇ ನನಗೆ ಹೇಳಿಕೊಡುತ್ತಿದ್ದ. ಅವತ್ತೂ ಬಂದು ಹೇಳಿದ: “ಮಾವಾರ, ನಂದು ನೀಲಿ ಅಂಗಿ, ನಾಕನೇ ನಂಬರ ಐತ್ರಿ. ಮೊದಲ ಹಿಂದ ಇರ್ತೀನ್ರಿ, ತಿರುವಿನ್ಯಾಗ ಮುಂದ ಬರ್ತೀನಿ.” ತಿರುವಿನಲ್ಲಿ ಹಸಿರೂ ನೀಲಿಯೂ ನನಗೆ ಒಂದೇ ಬೂದಿ ಬಣ್ಣ. ಯಾರೋ ಮುಂದೆ ಬಂದರು. ಬರುತ್ತೇನೆ ಎಂದು ಅವನು ಹೇಳಿದ್ದನಲ್ಲ, ಬಂದ ಎಂದುಬಿಟ್ಟೆ.