ಶಶಿಕಲಾಳ ಲ್ಯಾಪ್‌ಟಾಪ್ ಏಳುತ್ತಿಲ್ಲ

ಗದಗ
ಫೆಬ್ರವರಿ ಮೂವತ್ತು, 2110

ಮುತ್ತಜ್ಜಿ ಶಶಿಕಲಾಳಿಗೆ, ಇನ್ನೂ ಹುಟ್ಟಬೇಕಾದ ಮರಿಮೊಮ್ಮಗಳು ಸಾವಂತ್ರಿ ಬರೆಯುವ ಕಾಗದ.

ತಾರೀಖು ನೋಡಿ ನಗಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕುವ ದಿನಗಳಿಗೆ ಬಿಡುದಿನ ಎಂದು ಹೆಸರು, ಆಗ ಯಾರೂ ಯಾವ ಕೆಲಸವನ್ನೂ ಮಾಡುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನಿಸಿದರೆ ಕ್ಷಮಿಸು. ನಿನ್ನ ಕಾಲದ ಬರಹದ ಕನ್ನಡವನ್ನು ನಾನು ಶಾಲೆಯಲ್ಲಿ ಬೈಸಿಕೊಂಡು ಕಲಿತವಳು. ನೀನು ಮುತ್ತಜ್ಜಿಯಾದರೂ ಈ ಕಾಗದ ಓದುವ ಹೊತ್ತಿಗೆ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಅದಕ್ಕೇ 'ನೀವು' ಎಂದು ಬರೆಯಲು ಕೈ ಬರಲಿಲ್ಲ. ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ತಲುಪುತ್ತದೆ ಎಂದು ಅಂಚೆಯವರು ಹೇಳುತ್ತಾರೆ, ಉತ್ತರ ಬಂದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಅಲ್ಲಿಗೆ ಕಾಗದ ಒಯ್ಯುವವರನ್ನು ನೋಡಿ ನಾನೇ ಎಷ್ಟೋ ಸಲ ನಕ್ಕಿದ್ದೇನೆ.

ವಿಷಯಕ್ಕೆ ಬರುತ್ತೇನೆ, ನನಗೆ ಸುತ್ತಿ ಬಳಸಿ ಹೇಳಿ ಗೊತ್ತಿಲ್ಲ. ನಿನ್ನ ಮಗಳು ಮುಕ್ತಾ ನನ್ನ ಅಜ್ಜಿ. ಅವಳ ಕಣ್ಣು ಹೋಗುತ್ತಿದೆ. ಮುಂಗಾರು ಬರುವಷ್ಟರಲ್ಲಿ ಪೂರ್ತಿ ಕತ್ತಲಾಗುತ್ತದೆ, ಮಾಡುವಂಥದ್ದು ಏನೂ ಉಳಿದಿಲ್ಲ ಎಂದು ವೈದ್ಯರು ಹೇಳಿಯಾಗಿದೆ. ಅಜ್ಜಿ ಅತ್ತಿಲ್ಲ, ಕರೆದಿಲ್ಲ. ಒಂದೇ ಮಾತು ಹಿಡಿದು ಕೂತಿದ್ದಾಳೆ: "ಕಣ್ಣು ಹೋಗೂದ್ರಾಗ ನಮ್ಮವ್ವನ ಮಾರಿ ಒಮ್ಮೆ ನೋಡಬೇಕವ್ವಾ." ನಿನ್ನ ಮುಖ ಅವಳಿಗೆ ನೆನಪಿಲ್ಲ. ಯಾಕೆ ನೆನಪಿಲ್ಲ ಎಂದು ನಾನು ಬರೆಯುವುದಿಲ್ಲ, ನೀನೂ ಅದನ್ನು ಯೋಚಿಸುತ್ತ ಕೂರಬೇಡ. ನಿಮ್ಮ ಕಾಲದವರು ಫೋಟೋಗಳನ್ನೆಲ್ಲ ಎಲ್ಲೋ ದೂರದ ಉಗ್ರಾಣಗಳಿಗೆ ಕಳಿಸಿ ನೆಮ್ಮದಿಯಾಗಿದ್ದಿರಿ. ಆ ಉಗ್ರಾಣಗಳು ಮುಚ್ಚಿದಾಗ ಎಲ್ಲವೂ ಹೋಯಿತು. ಉಳಿದದ್ದು ನಿನ್ನ ಲ್ಯಾಪ್‌ಟಾಪ್ ಒಂದೇ. ಅಜ್ಜಿ ಅದನ್ನು ಮದುವೆಯ ಇಳಕಲ್ ಸೀರೆಯಲ್ಲಿ ಸುತ್ತಿ ಇಟ್ಟುಕೊಂಡು ಬಂದಿದ್ದಳು.

ನಮ್ಮ ಓಣಿಯ ಮರುಜೋಡಿಗ ಫಕೀರೇಶನನ್ನು ಕರೆಸಿದೆ. ಸತ್ತ ಯಂತ್ರಗಳ ಅಂಗಾಂಗ ಬದಲಿಸಿ ಎಬ್ಬಿಸುವವರಿಗೆ ಮರುಜೋಡಿಗರು ಎನ್ನುತ್ತೇವೆ. ಇಷ್ಟು ಹಳೆಯದನ್ನು ಅವನೂ ಮುಟ್ಟಿದವನಲ್ಲ. ಹಿಂದಿನ ಮುಚ್ಚಳ ತೆಗೆದರೆ ಬ್ಯಾಟರಿ ಪೂರಿಯಂತೆ ಉಬ್ಬಿ ಕೂತಿತ್ತು, ಮೆಮೊರಿ ಪಟ್ಟಿಯ ಹಲ್ಲುಗಳನ್ನು ತುಕ್ಕು ತಿಂದಿತ್ತು. ಎರಡನ್ನೂ ಬದಲಿಸದೆ ಗತಿಯಿರಲಿಲ್ಲ. ಡಿಸ್ಕಿನ ತಂಟೆಗೆ ಮಾತ್ರ ಹೋಗಬೇಡ, ನಮ್ಮ ಮುತ್ತಜ್ಜಿ ಇರುವುದೇ ಅದರಲ್ಲಿ ಎಂದು ನೂರು ಸಲ ಹೇಳಿದೆ. ಹುಬ್ಬಳ್ಳಿಯ ಹಳೇ ಸಾಮಾನಿನ ಪೇಟೆಯಲ್ಲಿ ಹೊಂದುವ ಮೆಮೊರಿ ಸಿಕ್ಕಿತು, ಬ್ಯಾಟರಿಯನ್ನು ಅವನೇ ಕಟ್ಟಿದ. ಮುಚ್ಚಳ ಹಾಕಿ ಗುಂಡಿ ಒತ್ತಿದಾಗ ದೀಪ ಹತ್ತಿತು, ಒಳಗೆ ಫ್ಯಾನು ಗುಂಯ್ ಎಂದಿತು. ಪರದೆ ಮಾತ್ರ ಕಪ್ಪು.

ಆಮೇಲೆ ನಾವು ಪಟ್ಟ ಪಾಡು ಕೇಳಬೇಡ. ಗುಂಡಿಯನ್ನು ಒತ್ತಿ ಹಿಡಿದು ಆರಿಸಿದೆವು. ಬ್ಯಾಟರಿ ಕಳಚಿ ಚಾರ್ಜರಿನ ಮೇಲೆ ನಡೆಸಿದೆವು, ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದೆವು. ಎರಡನ್ನೂ ತೆಗೆದು, ಒಳಗೆ ಉಳಿದ ಕರೆಂಟು ಇಳಿಯಲಿ ಎಂದು ಗುಂಡಿಯನ್ನು ಅದುಮಿ ಹಿಡಿದೆವು. ಮೆಮೊರಿ ಪಟ್ಟಿಯನ್ನು ಎಳೆದು, ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆವು. ಪಕ್ಕದ ಗೂಡಿನಲ್ಲಿ ಹಾಕಿ ನೋಡಿದೆವು. ಪರದೆಗೆ ಹೋಗುವ ತೆಳು ಪಟ್ಟಿ ಜಾರಿದೆಯೇನೋ ಎಂದು ಅದನ್ನೂ ಬಿಚ್ಚಿ ಸಿಕ್ಕಿಸಿದೆವು. ಗಡಿಯಾರಕ್ಕೆಂದು ಇಟ್ಟಿದ್ದ ನಾಣ್ಯದಂಥ ಪುಟ್ಟ ಬ್ಯಾಟರಿ ತೆಗೆದು, ಯಂತ್ರ ತನ್ನ ಹಳೆಯ ಹಟವನ್ನೆಲ್ಲ ಮರೆಯಲಿ ಎಂದು ಬಿಟ್ಟೆವು. ಪ್ರತಿ ಸಲವೂ ಅದೇ ದೀಪ, ಅದೇ ಗುಂಯ್, ಅದೇ ಕಪ್ಪು. ನನ್ನ ತಲೆ ಕೆಟ್ಟು ಹೋಯಿತು. ನಮ್ಮಲ್ಲಿ ಕರೆದ ಕೂಡಲೇ ಓಗೊಡದ ವಸ್ತುವೇ ಇಲ್ಲ. ಬಾಗಿಲ ಬಳಿ ಹೋಗುವ ಮುಂಚೆ ಬಾಗಿಲು ತೆರೆಯುತ್ತದೆ, ಕೇಳುವುದು ಮುಗಿಯುವ ಮುಂಚೆ ಮಾತುಗೋಡೆ, ಅಂದರೆ ನಮ್ಮ ಮನೆಯ ಮಾತಾಡುವ ಗೋಡೆ, ಉತ್ತರ ಕೊಟ್ಟಿರುತ್ತದೆ. ಕಪ್ಪಗೆ ಸುಮ್ಮನಿರುವ ಪರದೆಯ ಮುಂದೆ ಎರಡು ಉಸಿರು ಕಳೆಯುವಷ್ಟರಲ್ಲಿ ನನ್ನ ಬೆರಳು ತಾನೇ ಹೋಗಿ ಗುಂಡಿ ಒತ್ತುತ್ತಿತ್ತು.

ಅಜ್ಜಿ ಒಳಗಿನಿಂದ ಮತ್ತೆ ಮತ್ತೆ ಕೇಳುತ್ತಿದ್ದಳು, "ಎದ್ದಳೇನ, ನಮ್ಮವ್ವ ಎದ್ದಳೇನ?" ಕೊನೆಗೆ ಅವಳಿಗೇ ಒಂದು ನೆನಪು ಬಂತು. ಅವಳು ಚಿಕ್ಕವಳಿದ್ದಾಗ ನೀನು ಅಡಿಗೆಮನೆಯಲ್ಲಿ ಇದೇ ಯಂತ್ರ ಬಿಚ್ಚಿ ಹೊಸ ಮೆಮೊರಿ ಹಾಕಿದ್ದೆಯಂತೆ. ಪರದೆ ಕಪ್ಪಗಿರುವುದನ್ನು ನೋಡಿ ಅವಳು ಅತ್ತಾಗ "ಮೊದಲನೇ ಸಲ ಕಾಯಬೇಕವ್ವಾ" ಎಂದೆಯಂತೆ. ನಿನ್ನ ಮಾತು ಎಂದು ಅವಳಲ್ಲಿ ಉಳಿದಿರುವುದು ಇಷ್ಟೇ.

ನಾವು ಕುಣಿದಾಡಿದೆವು. ಕಾಯಬೇಕು ಅಂದರೆ ಬಿಸಿಯಾಗಬೇಕು, ಅದರಲ್ಲೇನಿದೆ ಒಗಟು? ನೀರು ಕಾಯುತ್ತದೆ, ಹಂಚು ಕಾಯುತ್ತದೆ. ಫಕೀರೇಶ ಬ್ಯಾಟರಿ ತೆಗೆದಿಟ್ಟ, ನಾನು ಲ್ಯಾಪ್‌ಟಾಪನ್ನು ಮಾಳಿಗೆಗೆ ಒಯ್ದು ಬಿಸಿಲುಗಲ್ಲಿನ ಮೇಲೆ ಮಲಗಿಸಿದೆ. ಹಗಲಿನ ಬಿಸಿಲು ಕುಡಿದು ಇಡೀ ದಿನದ ರೊಟ್ಟಿ ಬೇಯಿಸುವ ಚಪ್ಪಡಿ ಅದು. ಸುಟ್ಟ ವಾಸನೆ ಅಜ್ಜಿಯ ಮೂಗಿಗೆ ಬಡಿಯಿತು. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದವಳು ತಡವಿ ನೋಡಿದಳು, ಒಂದು ಮೂಲೆ ಆಗಲೇ ಮೆತ್ತಗಾಗಿತ್ತು. "ಏನ್ ಮಾಡಾಕತ್ತೀರಿ ಇದಕ?" ಎಂದಳು. "ನೀನೇ ಹೇಳಿದೆಯಲ್ಲ ಅಜ್ಜಿ, ಕಾಯಬೇಕು ಅಂತ, ಕಾಯಿಸುತ್ತಿದ್ದೇವೆ" ಎಂದೆ. ಅವಳು ತಲೆ ಚಚ್ಚಿಕೊಂಡಳು. "ಅಯ್ಯ ಹುಚ್ಚಖೋಡಿ, ಕಾಯೂದಂದ್ರ ಸುಮ್ಮನ ಕುಂತು ದಾರಿ ನೋಡೂದು. ಒಲಿ ಮ್ಯಾಲೆ ಇಡೂದಲ್ಲ." ನನಗೆ ನಿಜಕ್ಕೂ ಗೊತ್ತಿರಲಿಲ್ಲ, ಮುತ್ತಜ್ಜಿ. 'ತಡಿ' ಅನ್ನುತ್ತೇವೆ, ಅದೂ ಬೈಯುವಾಗ. ಕಾಯುವುದು ಎಂಬ ಮಾತಿಗೆ ಆ ಅರ್ಥವಿತ್ತು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಅದರ ಅಗತ್ಯವೂ ಬಿದ್ದಿಲ್ಲ.

ಯಂತ್ರ ತಣ್ಣಗಾದ ಮೇಲೆ ಮತ್ತೆ ಜೋಡಿಸಿ ಗುಂಡಿ ಒತ್ತಿದೆವು. ಕಪ್ಪು. ಅಜ್ಜಿ ನನ್ನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಹಿಡಿದು ಕೂತಳು, ಬಿಡಲಿಲ್ಲ. ನನ್ನ ಕಾಲು ಅಲುಗುತ್ತಿತ್ತು, ಬೆನ್ನು ತುರಿಸುತ್ತಿತ್ತು, ಎದ್ದು ಓಡಿಹೋಗಬೇಕು ಅನಿಸುತ್ತಿತ್ತು. ಫಕೀರೇಶ ಮೂರು ಸಲ ಹೊರಗೆ ಹೋಗಿ ಬಂದ. ಹೊಸ ಮೆಮೊರಿಯ ಪರಿಚಯ ಮಾಡಿಕೊಳ್ಳಲು ಮೊದಲ ಸಲ ಅದಕ್ಕೆ ಅಷ್ಟು ಹೊತ್ತು ಬೇಕಾಗಿತ್ತು, ಪ್ರತಿ ಸಲ ನಾವೇ ನಡುವೆ ಆರಿಸಿ ಕೆಲಸ ಕೆಡಿಸಿದ್ದೆವು. ಪರದೆ ಬೆಳಗಿದಾಗ ಅಜ್ಜಿ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ಅವಳಿಗೆ ಆ ಬೆಳಕು ಕಂಡಿತ್ತು.

ಇಲ್ಲಿಗೇ ಮುಗಿದಿದ್ದರೆ ನಿನಗೆ ಈ ಕಾಗದ ಬರೆಯುತ್ತಿರಲಿಲ್ಲ. ಯಂತ್ರ ಈಗ ಗುಪ್ತಪದ ಕೇಳುತ್ತಿದೆ. ಮರೆತರೆ ಇರಲಿ ಎಂದು ನೀನು ಕೆಳಗೆ ಸುಳಿವೊಂದನ್ನು ಬರೆದಿಟ್ಟಿದ್ದೀಯ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: ಮಗಳನ್ನ ಕರೆಯೋ ಹೆಸರು. ಮುಕ್ತಾ ಎಂದು ಹಾಕಿದೆವು, ಅಲ್ಲ. ಚಿನ್ನಿ, ಪುಟ್ಟಿ, ಬಂಗಾರಿ, ಕೂಸು ಎಲ್ಲ ಹಾಕಿದೆವು. ಪ್ರತಿ ತಪ್ಪಿಗೂ ಅದು ಇನ್ನಷ್ಟು ಹೊತ್ತು ಬಾಗಿಲು ಹಾಕಿಕೊಳ್ಳುತ್ತದೆ. ಅಜ್ಜಿ ಹಣೆಗೆ ಕೈಯಿಟ್ಟು ಕೂತಿದ್ದಾಳೆ. "ನಮ್ಮವ್ವ ನನಗ ಏನಂತ ಕರೀತಿದ್ಲು?" ಎಂದು ನನ್ನನ್ನು ಕೇಳುತ್ತಾಳೆ. ಇನ್ನು ಯಾರನ್ನು ಕೇಳಲಿ? ಆ ಹೆಸರು ಹಿಡಿದು ಕರೆದವಳು ನೀನೊಬ್ಬಳೇ.

ನಾನು ಬೇಡುವುದು ಇಷ್ಟೇ. ಉತ್ತರ ಬರೆಯಬೇಡ, ಅದು ಇಲ್ಲಿಗೆ ಬರುವುದಿಲ್ಲ. ಗುಪ್ತಪದವನ್ನು ಎಲ್ಲೂ ಬರೆದಿಡಬೇಡ, ನಮ್ಮ ಕಾಲದವರೆಗೆ ಯಾವ ಕಾಗದವೂ ಉಳಿದಿಲ್ಲ. ಮುಕ್ತಾ ಈಗ ಪಕ್ಕದ ಕೋಣೆಯಲ್ಲೋ ಅಂಗಳದಲ್ಲೋ ಆಡುತ್ತಿರಬೇಕು. ಅವಳನ್ನು ಆ ಹೆಸರಿನಿಂದ ಕರೆ. ಊಟಕ್ಕೆ ಕರೆಯುವಾಗ, ತಲೆ ಬಾಚುವಾಗ, ಬೈಯುವಾಗಲೂ ಅದನ್ನೇ ಹಿಡಿದು ಕರೆ. ಸಾಕು ನಿಲ್ಲಿಸವ್ವಾ ಎಂದು ಅವಳೇ ಬೇಸತ್ತು ಹೇಳಿದರೂ ಬಿಡಬೇಡ. ನೀನು ಕರೆದದ್ದು ಅವಳ ಕಿವಿಯಲ್ಲಿ ಉಳಿದರೆ, ಇಲ್ಲಿ ನನ್ನ ಪಕ್ಕ ಕೂತ ಈ ಮುದುಕಿ ತಟ್ಟನೆ ತಲೆ ಎತ್ತುತ್ತಾಳೆ. ನಾನು ಅವಳ ಮುಖವನ್ನೇ ನೋಡುತ್ತಿದ್ದೇನೆ.

ಈ ಕಾಗದ ಕೆಳಗಿಟ್ಟು ಈಗಲೇ ಕರೆ.

ಸಾವಂತ್ರಿ