ಮುಂಗೈಗೆ ರಜೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.10

ಎದೆ, ಟ್ರೈಸೆಪ್ಸ್ ಮುಗಿಯಿತು. ಕೊನೆಗೆ ಮುಂಗೈ, ಮೂರು ಸೆಟ್. ನಿದ್ದೆ ಒಟ್ಟು ಮೂರು ಗಂಟೆ, ಅದೂ ಕಂತಿನಲ್ಲಿ. ಆದರೂ ಜಿಮ್ ತಪ್ಪಿಸಲಿಲ್ಲ.

ಚಾರ್ಟನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿದೆ. ಸೋಮವಾರ ಎದೆ–ಟ್ರೈಸೆಪ್ಸ್, ಮಂಗಳವಾರ ಬೆನ್ನು–ಬೈಸೆಪ್ಸ್, ಬುಧವಾರ ಕಾಲು, ಆಮೇಲೆ ಮತ್ತೆ ಮೊದಲಿನಿಂದ. ಆರೂ ದಿನ ಕೊನೆಗೆ ಮುಂಗೈ — ಕೆಂಪು ಶಾಯಿಯಲ್ಲಿ. ಅವತ್ತು ಸೋತಿದ್ದು ಅದೇ ತಾನೇ.

ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. "ಇದೇನಮ್ಮಾ, ಮಾಂಸದಂಗಡಿ ಬೋರ್ಡ್ ಇದ್ದಂಗಿದೆ. ಬೆನ್ನು ಮಂಗಳವಾರ, ತೊಡೆ ಬುಧವಾರ!"

ನಗು ಬಂತು. ಬಹಳ ದಿನದ ಮೇಲೆ.

11.00

ಸ್ನಾನ. ಅತ್ತೆ ಗುಂಡನನ್ನು ಟಬ್ಬಿನಲ್ಲಿ ಹಿಡಿದರು, ನಾನು ಟವೆಲ್ ಹಿಡಿದು ನಿಂತೆ. ಏಳು ತಿಂಗಳ ಮಗ, ಹೆತ್ತವಳು ಟವೆಲ್ ಸ್ಟ್ಯಾಂಡು.

ಇಪ್ಪತ್ತೆರಡು ದಿನ ಆಯಿತು. ಅವನ ಬೆನ್ನಿಗೆ ಕೊಟ್ಟಿದ್ದ ನನ್ನ ಎಡಗೈ ಇದ್ದಕ್ಕಿದ್ದಂತೆ ಸೋತಿತು. ಮುಖ ನೀರೊಳಗೆ ಹೋಯಿತು. ಒಂದೇ ಕ್ಷಣ. ಎತ್ತಿದೆ, ಕೆಮ್ಮಿದ, ಅತ್ತ. ಏನೂ ಆಗಿಲ್ಲ ಎಂದರು ಡಾಕ್ಟರು. ಅವತ್ತಿನಿಂದ ನಾನು ಅವನನ್ನು ನೀರಿಗಿಳಿಸಿಲ್ಲ.

ಏಪ್ರಿಲ್ ಆರಕ್ಕೆ ಅತ್ತೆ ತಮ್ಮ ಮಗಳ ಹೆರಿಗೆಗೆಂದು ಹೊರಡುತ್ತಾರೆ. ಮೂರು ತಿಂಗಳು. ಇವರಿಗೆ, ಗುಂಡನ ಅಪ್ಪನಿಗೆ, ಬೆಳಿಗ್ಗೆ ಏಳಕ್ಕೇ ಶಿಫ್ಟು. ಅಂದರೆ ಸ್ನಾನ ಮಾಡಿಸುವವಳು ನಾನೇ. ಐದು ವಾರ ಇದೆ. ಮಾಡಿಯೇ ತೀರುತ್ತೇನೆ.

ಮಾರ್ಚ್ 8, ಶನಿವಾರ

ಮುಂಗೈ ನಾಲ್ಕು ಸೆಟ್‌ಗೆ ಏರಿಸಿದೆ. "ಒಂದಿನ ಮಲಗ್ಬಾರ್ದಾ?" ಎಂದರು ಇವರು. ಮಲಗಿದರೆ ಕನಸಿನಲ್ಲೂ ಟಬ್ಬು...

ಮಾರ್ಚ್ 19, ಬುಧವಾರ

ಬರೆಯಲಿಲ್ಲ. ಪೆನ್ನು ಹಿಡಿದರೆ ಬೆರಳು ನೋಯುತ್ತಿತ್ತು.

ಇವತ್ತು ಗುಂಡನ ಔಷಧಿ ಬಾಟಲಿಯ ಮುಚ್ಚಳ ತೆಗೆಯಲಾಗಲಿಲ್ಲ. ಅತ್ತೆ ಎರಡು ಬೆರಳಲ್ಲಿ ತಿರುಗಿಸಿ ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಐದು ವಾರದಲ್ಲಿ ಅರ್ಧ ಕಳೆಯಿತು. ಕೈ ಮೊದಲಿಗಿಂತ ಬಲಹೀನ.

ಮಾರ್ಚ್ 20, ಗುರುವಾರ. 7.30

ನಾಚಿಕೆ ಬಿಟ್ಟು ಚಾರ್ಟನ್ನು ಮಾಸ್ಟರ್‌ಗೆ ತೋರಿಸಿದೆ. ಟೈರ್ ಅಂಗಡಿ ಮೇಲಿನ ಈ ಜಿಮ್ ಅವರದೇ. ಐವತ್ತು ದಾಟಿದ ಹೆಂಗಸು, ಹಿಂದೆ ವೇಟ್‌ಲಿಫ್ಟರ್. ಟೇಪು ತಂದು ನನ್ನ ಎರಡೂ ಮುಂಗೈ ಅಳೆದರು. ಎಡದ್ದು ಊದಿಕೊಂಡಿತ್ತು.

"ಮಗೂನ ಯಾವ ಕಡೆ ಎತ್ಕೋತೀಯ?"

"ಎಡಗಡೆ. ಬಲಗೈ ಕೆಲಸಕ್ಕೆ ಬೇಕಲ್ಲ."

"ತೂಕ?"

"ಎಂಟೂಕಾಲು ಕೇಜಿ."

"ದಿನಕ್ಕೆ ಎಷ್ಟೊತ್ತು?"

ಲೆಕ್ಕ ಹಾಕಿದೆ. ಕಡಿಮೆಯೆಂದರೂ ಐದು ಗಂಟೆ.

"ಅದು ಈ ಚಾರ್ಟಲ್ಲಿ ಎಲ್ಲಿದೆ?"

ಇರಲಿಲ್ಲ.

"ಐದು ಗಂಟೆ ಮಗೂನ ಹೊತ್ತು, ಆಮೇಲೆ ಇಲ್ಲಿ ಬಂದು ನಾಲ್ಕು ಸೆಟ್ಟು! ಎತ್ತಿಗೂ ಒಂದಿನ ನೊಗ ಇಳಿಸ್ತಾರೆ ಕಣೇ. ಓದಿದೋಳು ನೀನು, ಬರೆದಿದ್ದನ್ನೇ ಹತ್ತು ಸಲ ಬರೆದು ಪಾಸಾಗಿರ್ತೀಯ. ಸ್ನಾಯು ಹಾಗೆ ಕಲಿಯಲ್ಲ. ಕೆಲಸ ಕೊಡು, ಆಮೇಲೆ ಸುಮ್ನೆ ಬಿಡು. ಸುಮ್ನಿದ್ದಾಗಲೇ ಅದು ಬೆಳೆಯೋದು."

ಒಂದು ವಾರ ಮುಂಗೈ ಮುಟ್ಟಕೂಡದಂತೆ. ಎಡಗಡೆ ಮಗುವೂ ಇಲ್ಲ.

ಹಳೆಯ ಚಾರ್ಟ್ ಹರಿದೆ.

ಮಾರ್ಚ್ 21, ಶುಕ್ರವಾರ

ಹೊಸ ಚಾರ್ಟ್. ಮೊದಲ ಸಾಲೇ "ಗುಂಡ, 8.25". ಮುಂದಿನ ವಾರದಿಂದ ಬೆಳಿಗ್ಗೆ ಎಡ ಸೊಂಟ, ಮಧ್ಯಾಹ್ನ ಬಲ. ಮುಂಗೈ ಬೆನ್ನು–ಬೈಸೆಪ್ಸ್ ದಿನ ಮಾತ್ರ, ಎರಡೇ ಸೆಟ್. ಅವತ್ತು ಸಂಜೆ ಮಗು ಇವರ ಹೆಗಲಿಗೆ. ಭಾನುವಾರ ಏನೂ ಇಲ್ಲ. ಖಾಲಿ ಚೌಕ ನೋಡಿದರೆ ಏನೋ ತುಂಬಬೇಕೆನಿಸುತ್ತದೆ. ತುಂಬಲಿಲ್ಲ.

ಇವರು ಚಾರ್ಟಿನಲ್ಲಿ ತಮ್ಮನ್ನೇ ಹುಡುಕಿಕೊಂಡರು. "ಸದ್ಯ, ನಾನೂ ಒಂದು ಸ್ನಾಯು ಆದೆ."

"ಇಷ್ಟು ದಿನ ಬರೀ ಕೊಬ್ಬು," ಎಂದರು ಅತ್ತೆ.

ಏಪ್ರಿಲ್ 4, ಶುಕ್ರವಾರ

ಕಂಬಿಗೆ ಜೋತುಬಿದ್ದೆ. ನಲವತ್ತೊಂದು ಸೆಕೆಂಡ್! ಹೋದ ತಿಂಗಳು ಒಂಬತ್ತಕ್ಕೇ ಬಿಟ್ಟಿದ್ದೆ. "ಇನ್ನೇನು ಬೇಕು?" ಎಂದರು ಮಾಸ್ಟರ್.

ಮನೆಗೆ ಬಂದು... ಸ್ನಾನಕ್ಕೆ ಮತ್ತೆ ಅತ್ತೆಯನ್ನೇ ಕರೆದೆ. ಇನ್ನು ಕೈಯ ಮೇಲೆ ತಪ್ಪು ಹೊರಿಸುವಂತಿಲ್ಲ. ಇದು ಬರೀ ಭಯ. ಭಯಕ್ಕೆ ಯಾವ ವಾರ, ಎಷ್ಟು ಸೆಟ್?

ಏಪ್ರಿಲ್ 5, ಶನಿವಾರ

ಅತ್ತೆ ಸೂಟ್‌ಕೇಸ್ ತುಂಬುತ್ತಿದ್ದರು. "ನಾಳೆ ನಾನು ಹೊರಡೋಕ್ಮುಂಚೆ ನೀನೇ ಸ್ನಾನ ಮಾಡ್ಸು. ಪಕ್ಕದಲ್ಲೇ ಇರ್ತೀನಿ."

"ಬೇಡ ಅತ್ತೆ. ನೀವಿದ್ರೆ ನಿಮ್ಮ ಕೈನೇ ನಂಬ್ಕೋತೀನಿ."

ಅತ್ತೆ ಮಡಿಸುತ್ತಿದ್ದ ಸೀರೆ ಕೆಳಗಿಟ್ಟರು. "ನಿನ್ನ ಗಂಡನೂ ನನ್ನ ಕೈಯಿಂದ ಜಾರಿದ್ದ. ಬಕೆಟ್ಟಿಗೆ ತಲೆ ಹೊಡ್ಕೊಂಡ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ."

"ಅವರಿಗೂ?"

"ಅವನಿಗೆ ಹೇಳಿದ್ರೆ ಗಣಿತದಲ್ಲಿ ಫೇಲಾಗಿದ್ದಕ್ಕೆಲ್ಲ ಅದೇ ಕಾರಣ ಅಂತಿದ್ದ."

ನಕ್ಕೂ ನಕ್ಕೂ ಇಬ್ಬರ ಕಣ್ಣಲ್ಲೂ ನೀರು. ಇವರು ಜಾರಿದ ಮಾರನೆಯ ದಿನ ಏನು ಮಾಡಿದಿರೆಂದು ಕೇಳಿದೆ. "ಮತ್ತೆ ಸ್ನಾನ. ನಾನೇ ಮಾಡ್ಸಿದೆ. ಇನ್ಯಾರು ಮಾಡ್ಸ್ತಾರೆ?"

ಏಪ್ರಿಲ್ 6, ಭಾನುವಾರ. 10.40

ಇವರು ಅತ್ತೆಯನ್ನು ಸ್ಟೇಷನ್ನಿಗೆ ಬಿಡಲು ಹೋದರು. ನಾವಿಬ್ಬರೇ. ನಾಲ್ಕು ಬೆರಳು ನೀರು. ಮೊಣಕೈ ಅದ್ದಿ ನೋಡಿದೆ, ಹದವಾಗಿದೆ. ಎದೆ ಡವಡವ. ಡವಗುಟ್ಟಲಿ.

11.20

ಆಯಿತು.

ಸೋಪು ಹಚ್ಚುವಾಗ ಒಮ್ಮೆ ಜಾರಿದ. ನನಗೆ ತಿಳಿಯುವ ಮೊದಲೇ ಕೈ ಹಿಡಿದಾಗಿತ್ತು. ಅವನಿಗದು ಆಟ. ನೀರು ಬಡಿದು ಬಡಿದು ನನ್ನನ್ನೂ ನೆನೆಸಿದ. ಎತ್ತಿ ಒರೆಸಿದ ಮೇಲೆ ನೆಲದ ಮೇಲೇ ಕೂತೆ. ಅಲ್ಲೇ ಬರೆಯುತ್ತಿದ್ದೇನೆ, ಪುಟವೆಲ್ಲ ಒದ್ದೆ. ತೊಡೆಯ ಮೇಲಿನ ಸಾಹೇಬರಿಗೆ ಈಗ ಪೆನ್ನು ಬೇಕಂತೆ. ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಾನೆ. ಅಬ್ಬಾ, ಏನು ಹಿಡಿತ! ಬಿಡೋ, ಇನ್ನೊಂದು ಸಾಲು ಬರೆ