ಎಡಗೈಯ ಗೆರೆಗಳು

ಬಾಡಿಗೆ ಮನೆ, ಮೂರನೆಯ ಮಹಡಿ
ಭಾನುವಾರ, ೧೪ನೇ ತಾರೀಖು, ಬೆಳಗಿನ ಆರು ಗಂಟೆ

ಪ್ರೀತಿಯ ಅಪ್ಪಾ,

ನನ್ನ ಚಿತ್ರ ದೊಡ್ಡ ಪ್ರದರ್ಶನಕ್ಕೆ ಆಯ್ಕೆಯಾಗಿದೆ, ಮುನ್ನೂರರಲ್ಲಿ ಆರಿಸಿದ ಹನ್ನೆರಡರಲ್ಲಿ ನನ್ನದೂ ಒಂದು! ನೋಡು, ಹೇಗಿದ್ದೀಯ ಎಂದು ಕೇಳುವ ಮೊದಲೇ ಬಾಯಿಬಿಟ್ಟೆ. ಸರಿ, ಈಗ ಕೇಳುತ್ತೇನೆ. ಮಂಡಿ ನೋವು ಹೇಗಿದೆ? ಗರಗಸ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಇಲ್ಲ "ನಲವತ್ತು ವರ್ಷದಿಂದ ಕುಡಿದಿರೋ ಪುಡಿ, ನಂಗೇನು ಹೊಸದೇನೇ" ಎಂದು ಅಮ್ಮನ ಬಾಯಿ ಮುಚ್ಚಿಸುತ್ತೀಯೋ?

ಮದುವೆಯಾಗಿ ಇವತ್ತಿಗೆ ಐದು ತಿಂಗಳು, ಗೊತ್ತಾ! ನಮ್ಮ ಒಪ್ಪಂದ ನಿನಗೆ ನೆನಪಿದೆಯಲ್ಲ. ಮೊದಲ ವರ್ಷ ನಾನು ಕೆಲಸಕ್ಕೆ ಹೋಗುವುದು, ನಿನ್ನ ಅಳಿಯ ಮನೆಯಲ್ಲಿ ಚಿತ್ರ ಬರೆಯುವುದು. ಎರಡನೆಯ ವರ್ಷ ಅದಲು ಬದಲು. "ಇದೇನು ಗಂಡ ಹೆಂಡಿರೋ, ಪಾಳಿ ಬದಲಿಸೋ ಕಾರ್ಖಾನೆಯೋ" ಎಂದು ನೀನು ನಕ್ಕಿದ್ದೆ. ಪ್ರೆಸ್ಸಿನಲ್ಲಿ ಎಂಟರಿಂದ ಐದೂವರೆಯವರೆಗೆ ಔಷಧಿ ಬಾಟಲಿಯ ಲೇಬಲ್ಲುಗಳ ಕೆಂಪು ಬಣ್ಣ ಮಾದರಿಗೆ ಹೊಂದುತ್ತದೆಯೇ ಎಂದು ನೋಡುತ್ತೇನೆ. ಮನೆಗೆ ಬರುವಾಗ ಕಣ್ಣಲ್ಲಿ ಜೀವ ಇರುವುದಿಲ್ಲ. ಅದಕ್ಕೇ ನನ್ನ ಚಿತ್ರವೆಲ್ಲ ಬೆಳಿಗ್ಗೆ ಐದರಿಂದ ಏಳು. ಆ ಎರಡು ಗಂಟೆ ನಾನು ಮಹಾರಾಣಿ, ಅಪ್ಪಾ! ಆಯ್ಕೆಯಾದ ಚಿತ್ರ ನಮ್ಮ ಪ್ರೆಸ್ಸಿನದೇ. ಕಟಿಂಗ್ ವಿಭಾಗದ ಅಕ್ಕ ಊಟದ ಬಿಡುವಿನಲ್ಲಿ ಯಂತ್ರಕ್ಕೆ ಒರಗಿ ನಿದ್ದೆಹೋಗಿದ್ದಾರೆ.

ಅರ್ಜಿ ತುಂಬಿದ್ದು ನಿನ್ನ ಅಳಿಯ. ನನಗೆ ಬಿಡುವೆಲ್ಲಿ? ಪತ್ರ ಬಂದಾಗ ಇಬ್ಬರೂ ಕೈಹಿಡಿದು ಕುಣಿದೆವು. ಆಮೇಲೆ ನೋಡಿದರೆ ಅದರಲ್ಲಿದ್ದದ್ದು ಅವರ ಹೆಸರು. "ಒಂದೇ ಮನೆಯಿಂದ ಎರಡು ಹೆಸರು ಹೋದ್ರೆ ಇಬ್ಬರನ್ನೂ ಬಿಡ್ತಾರೆ ಕಣೇ. ನಮ್ಮಿಬ್ಬರಲ್ಲಿ ನಂದು ನಿಂದು ಅಂತ ಇದೆಯಾ?" ಇಲ್ಲ ಎಂದೆ. ಪ್ರೆಸ್ಸಿನಲ್ಲಿ ಎಲ್ಲರಿಗೂ ಚಾಕೊಲೇಟ್ ಹಂಚಿದೆ. ಕಟಿಂಗ್ ಅಕ್ಕ ಮಾತ್ರ ಚಾಕೊಲೇಟ್ ಕೈಯಲ್ಲೇ ಹಿಡಿದುಕೊಂಡು, "ಚಿತ್ರದಲ್ಲಿ ನಾನಿದೀನಿ, ಕೆಳಗೆ ನಿಮ್ಮ ಯಜಮಾನ್ರು ಇದಾರೆ. ನೀನೆಲ್ಲಿದೀಯಮ್ಮಾ?" ಎಂದರು. ಅದಕ್ಕೂ ನಕ್ಕುಬಿಟ್ಟೆ.

ನೀನು ಮಾಡಿಕೊಟ್ಟ ಚೌಕಟ್ಟುಗಳಲ್ಲಿ ಹನ್ನೊಂದು ಚಿತ್ರ ಮುಗಿಸಿದ್ದೆ. ಒಂದು ಸಂಜೆ ಬಂದಾಗ ಕಿಟಕಿಯ ಚಿತ್ರದ ಮೇಲೆ ಪೂರ್ತಿ ಬಿಳಿ ಬಣ್ಣ ಬಳಿದಿತ್ತು. ಕ್ಯಾನ್ವಾಸ್ ಖಾಲಿಯಾಗಿತ್ತಂತೆ, ಅದು ಅರ್ಧಂಬರ್ಧ ಅಂದುಕೊಂಡರಂತೆ. ಅತ್ತೇಬಿಟ್ಟರು ಅಪ್ಪಾ, ಚಿಕ್ಕ ಮಗುವಿನ ಹಾಗೆ. ನಾನೇ ಸಮಾಧಾನ ಮಾಡಿ ಚಹಾ ಮಾಡಿಕೊಟ್ಟೆ. ಆಮೇಲೆ ಮೆಟ್ಟಿಲಿನ ಚಿತ್ರ ಹೋಯಿತು, ಅದರ ಹಿಂದೆ ಇನ್ನೂ ನಾಲ್ಕು. ಆಮೇಲೆ ಅವರು ಅಳಲಿಲ್ಲ. ಒಂದು ಪ್ರದರ್ಶನಕ್ಕೆ ಹೋಯಿತಲ್ಲ, ಮನೆಯಲ್ಲಿ ಈಗ ಉಳಿದಿರುವುದು ನಾಲ್ಕು.

ನಾನು ಎಡಚಿ ಎಂದು ಶಾಲೆಯಲ್ಲಿ ಮಿಸ್ ಸ್ಕೇಲಿನಿಂದ ಹೊಡೆದಾಗ, ನೀನು ಕೆಲಸದ ಬಟ್ಟೆಯಲ್ಲೇ ಬಂದು "ಅವಳ ಕೈ ಅವಳಿಗೆ ಬಿಡಿ, ಮೇಡಂ" ಎಂದಿದ್ದೆ. ನನ್ನ ಗೆರೆಗಳೆಲ್ಲ ಎಡದಿಂದ ಬಲಕ್ಕೆ ಇಳಿಯುತ್ತವೆ; ಬಲಗೈಯವರದು ಅದಕ್ಕೆ ಉಲ್ಟಾ. ಉದ್ಘಾಟನೆಯ ದಿನ ಆಯ್ಕೆಯಾದವರು ಜನರೆದುರು ಕೂತು ಚಿತ್ರ ಬರೆಯಬೇಕಂತೆ. ಅದಕ್ಕೇ ಈಗ ದಿನಾ ಬೆಳಿಗ್ಗೆ ನಾನು ಕುಂಚ ಹಿಡಿದರೆ ಅವರು ಬಾಗಿಲಲ್ಲಿ ನಿಂತು ನನ್ನ ಮಣಿಕಟ್ಟನ್ನೇ ನೋಡುತ್ತಾರೆ. ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿಕೊಂಡು ಎಡಗೈಯಲ್ಲಿ ಬರೆಯುತ್ತಾರೆ, ತಲೆ ಬಾಚುತ್ತಾರೆ, ಬೀಗ ಹಾಕುತ್ತಾರೆ. ಮೊದಲ ದಿನ ಹೊಟ್ಟೆ ಹಿಡಿದು ನಕ್ಕಿದ್ದೆ. ನಿನ್ನೆ ಮೇಜಿನ ಮೇಲೆ ಎರಡು ಹಾಳೆ ಇಟ್ಟು, "ಯಾವುದು ನಿಂದು, ಹೇಳು ನೋಡೋಣ" ಎಂದರು. ಎಷ್ಟು ಹೊತ್ತು ನೋಡಿದರೂ ನನಗೆ ಗೊತ್ತಾಗಲಿಲ್ಲ. ಅವರು ನನ್ನ ತಲೆ ಸವರಿ, "ಇನ್ಮೇಲೆ ಬೇಗ ಏಳೋದು ಬೇಡ ಬಿಡು ಪಾಪ, ನಿಂಗೆ ಪ್ರೆಸ್ಸಿನ ಕೆಲಸವೇ ಸಾಕಾಗತ್ತೆ" ಎಂದರು. ಎಷ್ಟು ಪ್ರೀತಿಯಿಂದ ಹೇಳಿದರು ಎಂದರೆ, ಇವತ್ತು ನಾಲ್ಕಕ್ಕೇ ಎದ್ದು ಕೂತೆ.

ಏಳುವ ಸದ್ದಾಯಿತು, ನಿಲ್ಲಿಸುತ್ತೇನೆ. ಅಮ್ಮನಿಗೆ ನನ್ನ ಕಡೆಯಿಂದ ಒಂದು ಅಪ್ಪುಗೆ, ನಿನ್ನ ಮಂಡಿಗೆ ನನ್ನ ನಮಸ್ಕಾರ.

ನಿನ್ನ ಬಾಯಿಬಡುಕಿ ಮಗಳು

ಮರೆತಿದ್ದೆ: ಕಟಿಂಗ್ ಅಕ್ಕನನ್ನು ನೋಡಿ ನಾನು ಮೊದಲು ಬರೆದ ಹದಿನಾಲ್ಕು ಕರಡುಗಳು ಪ್ರೆಸ್ಸಿನ ನನ್ನ ಡ್ರಾಯರಿನಲ್ಲಿವೆ, ಹಾಳಾದ ಲೇಬಲ್ ಹಾಳೆಗಳ ಬೆನ್ನಿನ ಮೇಲೆ, ದಿನಾಂಕ ಸಮೇತ. ನಿನ್ನ ಅಳಿಯನಿಗೆ ಗೊತ್ತಿಲ್ಲ. ಅವನ್ನೂ ಉಳಿದ ನಾಲ್ಕು ಚಿತ್ರಗಳನ್ನೂ ತರುತ್ತಿದ್ದೇನೆ. ಕೆಲಸ ಬಿಟ್ಟಿಲ್ಲ, ಹತ್ತು ದಿನ ರಜೆ ಬರೆದುಕೊಟ್ಟಿದ್ದೇನೆ. ಉದ್ಘಾಟನೆ ೨೮ಕ್ಕೆ; ಆ ದಿನ ಅವರ ಪಕ್ಕದ ಕುರ್ಚಿಯಲ್ಲಿ ನಾನೂ ಕೂತು ಬರೆಯುತ್ತೇನೆ, ನೀನು ಜೊತೆಗಿರಬೇಕು. ಇಲ್ಲಿಗೆ ಫೋನ್ ಮಾಡಬೇಡ, ಉತ್ತರವನ್ನೂ ಬರೆಯಬೇಡ. ಶುಕ್ರವಾರ, ೧೯ನೇ ತಾರೀಖು, ಮಧ್ಯಾಹ್ನ ಮೂರು ನಲವತ್ತರ ಪ್ಯಾಸೆಂಜರ್.